ಎಲೆ ತಾನೇ ಬರೆದದ್ದು

ಕರಾವಳಿಯ ಮನೆಗಳಲ್ಲಿ ನಾಗರಪಂಚಮಿಗೆ ಅರಿಶಿನ ಎಲೆಯ ಕಡುಬು ಆಗಲೇಬೇಕು. ಅಕ್ಕಿಯನ್ನು ನುಣ್ಣಗೆ ರುಬ್ಬಿ, ಎಲೆಯ ಮೇಲೆ ತೆಳ್ಳಗೆ ಸವರಿ, ನಡುವೆ ಬೆಲ್ಲ ಕಾಯಿತುರಿಯ ಹೂರಣ ಇಟ್ಟು, ಎಲೆ ಮಡಚಿ ಹಬೆಯಲ್ಲಿ ಬೇಯಿಸುತ್ತಾರೆ. ತಿನ್ನುವ ಹೊತ್ತಿಗೆ ಎಲ್ಲರ ಗಮನ ಪರಿಮಳದ ಮೇಲೆ, ತುಪ್ಪದ ಮೇಲೆ. ನನ್ನ ಕಣ್ಣು ಮಾತ್ರ ಎಲೆ ಸುಲಿದಾಗ ಹೊರಬರುವ ಆ ಬಿಳಿ ಮೈಮೇಲೆ. ನಡುವಿನ ದಿಂಡಿನ ಗುಳಿ, ಅದರಿಂದ ಓರೆಯಾಗಿ ಹೊರಟು ಅಂಚಿನವರೆಗೆ ಒಂದರ ಪಕ್ಕ ಒಂದು ಓಡಿದ ಗೀರುಗಳು, ಎಲ್ಲವೂ ಕಡುಬಿನ ಮೇಲೆ ಇಳಿದಿರುತ್ತವೆ. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಕಡುಬಿನದು ಬೇರೆಯೇ ಗುರುತು. ಅದರಲ್ಲಿ ನರಗಳು ದೂರದೂರ, ನಡುನಡುವೆ ಬಲೆ. ಎಲೆಯಚ್ಚು ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಕಡುಬನ್ನೇ. ನಮ್ಮ ಅಜ್ಜಿಯಂದಿರು ಬಹಳ ಕಾಲದಿಂದ ಎಲೆಯಿಂದ ಅಚ್ಚು ತೆಗೆಯುತ್ತಲೇ ಇದ್ದಾರೆ, ಕಾಗದದ ಬದಲು ಅಕ್ಕಿಹಿಟ್ಟಿನ ಮೇಲೆ.

ಮಲೆನಾಡಿನ ಮಕ್ಕಳಿಗೆ ಇದು ಇನ್ನೊಂದು ರೂಪದಲ್ಲಿ ಗೊತ್ತು. ತೋಟದ ದಾರಿಯ ದರೆಯಲ್ಲಿ, ನೀರು ಜಿನುಗುವ ಕಡೆ, ಒಂದು ಜಾತಿಯ ಜರೀಗಿಡ ಬೆಳೆಯುತ್ತದೆ. ಮೇಲಿನಿಂದ ನೋಡಿದರೆ ಬೇರೆ ಜರಿಗಳಂತೆ ಹಸಿರು, ಮಗುಚಿದರೆ ಅಡಿಯೆಲ್ಲ ಬೆಳ್ಳಗೆ ಹುಡಿ ಮೆತ್ತಿಕೊಂಡಿರುತ್ತದೆ. ಆ ಅಡಿಮೈಯನ್ನು ಮುಂಗೈ ಮೇಲಿಟ್ಟು ಮೇಲಿಂದ ಪಟ್ಟೆಂದು ಒಂದು ಏಟು ಕೊಟ್ಟು ಎತ್ತಿದರೆ ಚರ್ಮದ ಮೇಲೆ ಇಡೀ ಜರಿ ಬಿಳಿಯಾಗಿ ಕುಳಿತಿರುತ್ತದೆ. ಒಂದೊಂದು ಕಿರುಎಲೆ, ಅದರ ಒಂದೊಂದು ಹಲ್ಲು, ಏನೂ ತಪ್ಪುವುದಿಲ್ಲ. ಅಮೆರಿಕದ ಉಷ್ಣವಲಯದಿಂದ ಬಂದು ಇಲ್ಲಿ ನೆಲೆಯೂರಿದ ಗಿಡವಂತೆ ಅದು. ಈಗ ನಮ್ಮದೇ ಆಗಿಬಿಟ್ಟಿದೆ. ಮಸಿ ಅದರದೇ, ಅಚ್ಚೂ ಅದರದೇ, ಕಾಗದ ಮಾತ್ರ ನಮ್ಮ ಕೈ. ಶಾಲೆಯಿಂದ ಬರುವ ದಾರಿಯಲ್ಲಿ ಹೀಗೆ ಮೈತುಂಬ ಜರಿ ಒತ್ತಿಕೊಂಡು ಮನೆಗೆ ಬಂದ ಮಕ್ಕಳಿಗೆ ಯಾವ ಕಲಾಶಿಕ್ಷಕರೂ ಬೇಕಾಗಿರಲಿಲ್ಲ.

ಎಲೆಯ ಚಿತ್ರ ಬರೆಯುವುದು ಒಂದು, ಎಲೆಯಿಂದಲೇ ಬರೆಸುವುದು ಇನ್ನೊಂದು. ಪೆನ್ಸಿಲು ಹಿಡಿದು ಕುಳಿತರೆ ನಾವು ಬರೆಯುವುದು ತಲೆಯಲ್ಲಿರುವ ಎಲೆಯನ್ನು. ನಡುವೆ ಒಂದು ಗೆರೆ, ಆ ಕಡೆ ಈ ಕಡೆ ಜೋಡಿಜೋಡಿಯಾಗಿ ನಾಲ್ಕು ಗೆರೆ, ತುದಿಗೊಂದು ಚೂಪು. ಮಾವಾದರೂ ಅದೇ, ನೇರಳೆಯಾದರೂ ಅದೇ. ಎಲೆಗೆ ಮಸಿ ಹಚ್ಚಿ ಒತ್ತಿದಾಗ ನಮ್ಮ ತಲೆಗೆ ಅಲ್ಲಿ ಕೆಲಸವಿಲ್ಲ. ನೇರಳೆ ಎಲೆ ಒತ್ತಿ ನೋಡಿ. ಅದರ ನರಗಳು ಎಣಿಸಲಾರದಷ್ಟು ಒತ್ತೊತ್ತಾಗಿ ಅಂಚಿನ ಕಡೆಗೆ ಓಡುತ್ತವೆ, ಆದರೆ ಅಂಚನ್ನು ಮುಟ್ಟುವುದಿಲ್ಲ. ಅಂಚಿಗೆ ಕೂದಲೆಳೆಯಷ್ಟು ಈಚೆಗೆ, ಅಂಚಿನುದ್ದಕ್ಕೂ ಇನ್ನೊಂದು ನರ ಬೇಲಿ ಹಾಕಿದಂತೆ ಸಾಗುತ್ತದೆ, ಎಲ್ಲವೂ ಬಂದು ಅದನ್ನೇ ಸೇರುತ್ತವೆ. ಹಣ್ಣು ತಿಂದು ನಾಲಿಗೆ ನೀಲಿ ಮಾಡಿಕೊಂಡ ನಮ್ಮಲ್ಲಿ ಎಷ್ಟು ಜನ ಆ ಬೇಲಿಯನ್ನು ನೋಡಿದ್ದೇವೆ? ಕಾಗದದ ಮೇಲೆ ಕಂಡ ಮೇಲೆ ಮರದ ಮೇಲೂ ಕಾಣತೊಡಗುತ್ತದೆ. ಈ ಕೆಲಸದ ಮೇಲಿನ ನನ್ನ ಪ್ರೀತಿಗೆ ಇದೇ ಕಾರಣ. ಚೆಂದದ ಚಿತ್ರ ಸಿಗುತ್ತದೆ ಎನ್ನುವುದು ಆಮೇಲಿನ ಮಾತು.

ಮಸಿಗೆ ಅಂಗಡಿಗೆ ಹೋಗಬೇಕಿಲ್ಲ. ಮಗುವಿಗೆ ಕಾಡಿಗೆ ಮಾಡುವ ಕ್ರಮ ಗೊತ್ತಿದ್ದವರಿಗೆ ಅರ್ಧ ಕೆಲಸ ಗೊತ್ತಿದ್ದಂತೆ. ದಪ್ಪ ಬತ್ತಿಯ ಹರಳೆಣ್ಣೆ ದೀಪ ಹಚ್ಚಿ, ಎರಡು ಚೊಂಬುಗಳ ಮೇಲೆ ಹಿತ್ತಾಳೆ ತಟ್ಟೆಯನ್ನು ಕವುಚಿಟ್ಟರೆ ಉರಿಯ ತುದಿ ತಾಗಿದಲ್ಲಿ ಮಸಿ ಹೆಪ್ಪುಗಟ್ಟುತ್ತದೆ. ಅದನ್ನು ಕೆರೆದು ಎಣ್ಣೆಯಲ್ಲಿ ಕಲಸಿದರೆ ಒತ್ತುವ ಮಸಿ ಸಿದ್ಧ. ಎಣ್ಣೆಯ ಆಯ್ಕೆಯಲ್ಲಿ ಮಾತ್ರ ಒಂದು ಸಂಗತಿ ಇದೆ. ಹರಳೆಣ್ಣೆ ಎಂದೂ ಒಣಗುವುದಿಲ್ಲ, ಕಾಡಿಗೆಗೆ ಅದೇ ಬೇಕಾದದ್ದು. ಕಾಗದಕ್ಕೆ ಅದಾಗದು, ವರ್ಷ ಕಳೆದರೂ ಬೆರಳಿಗೆ ಹತ್ತುತ್ತದೆ, ಸುತ್ತ ಎಣ್ಣೆಯ ಕಲೆ ಹಬ್ಬುತ್ತದೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುವ ಎಣ್ಣೆ. ಹಳೆಯ ಮುದ್ರಣಾಲಯಗಳ ಮಸಿಯೂ ಅಗಸೆ ಎಣ್ಣೆಯನ್ನು ಕುದಿಸಿ ಮಂದ ಮಾಡಿ, ದೀಪದ ಮಸಿ ಬೆರೆಸಿ ಅರೆದದ್ದೇ. ಬಣ್ಣದ ಅಂಗಡಿಗಳಲ್ಲಿ ಅಗಸೆ ಎಣ್ಣೆ ಸಿಗುತ್ತದೆ. ಕೆಲವೇ ಹನಿ ಸಾಕು. ಮಸಿ ಹರಿಯಬಾರದು, ಬೆರಳಲ್ಲಿ ಮುಟ್ಟಿದರೆ ಎಳೆಯಾಗಿ ಏಳಬೇಕು.

ಎಲೆ ಕಿತ್ತ ಕೂಡಲೇ ಒತ್ತಬಾರದು. ಹಳೆಯ ಪೇಪರಿನ ನಡುವೆ ಇಟ್ಟು, ಮೇಲೊಂದು ದಪ್ಪ ಪುಸ್ತಕ ಹೇರಿ, ಒಂದೆರಡು ಗಂಟೆ ಬಿಟ್ಟರೆ ನೀರಿನಂಶ ಹೋಗಿ ಎಲೆ ಮಟ್ಟಸವಾಗುತ್ತದೆ. ಆಮೇಲೆ ಅಡಿಮೈ ಮೇಲಾಗುವಂತೆ ಇಡಬೇಕು, ಏಕೆಂದರೆ ನರಗಳು ಉಬ್ಬಿರುವುದು ಆ ಕಡೆ. ಹಳೆಯ ಹತ್ತಿಬಟ್ಟೆಯೊಳಗೆ ಸ್ವಲ್ಪ ಹತ್ತಿ ಇಟ್ಟು ಉಂಡೆ ಕಟ್ಟಿ, ಅದಕ್ಕೆ ಮಸಿ ತಾಗಿಸಿ, ಎಲೆಯ ಮೇಲೆ ಮೆಲ್ಲಮೆಲ್ಲನೆ ತಟ್ಟುತ್ತ ಹೋಗುವುದು. ಉಜ್ಜಿದರೆ ನರಗಳ ನಡುವಿನ ತಗ್ಗಿನಲ್ಲಿ ಮಸಿ ತುಂಬಿ ಎಲ್ಲ ಒಂದೇ ಕಪ್ಪಾಗುತ್ತದೆ. ಮಸಿ ಕುಳಿತ ಎಲೆಯನ್ನು ತೊಟ್ಟು ಹಿಡಿದೆತ್ತಿ ಕಾಗದದ ಮೇಲೆ ಇಳಿಸಿ, ಇನ್ನೊಂದು ತೆಳುಕಾಗದ ಮುಚ್ಚಿ, ಹೆಬ್ಬೆರಳಿನಿಂದ ದಿಂಡಿನಗುಂಟ ಮೊದಲು, ಆಮೇಲೆ ಅಂಚಿನ ಕಡೆಗೆ ಒತ್ತಬೇಕು. ಲಟ್ಟಣಿಗೆ ಉರುಳಿಸುವವರೂ ಇದ್ದಾರೆ. ನನಗೆ ಬೆರಳೇ ಮೇಲು, ಎಲ್ಲಿ ನರ ದಪ್ಪ, ಎಲ್ಲಿ ತೆಳು ಎಂದು ಕಾಗದದ ಮೇಲಿಂದಲೇ ಬೆರಳಿಗೆ ತಿಳಿಯುತ್ತದೆ.

ಮೊದಲ ಒತ್ತು ಸಾಮಾನ್ಯವಾಗಿ ಕಪ್ಪುಕಪ್ಪಾಗಿ ಬೀಳುತ್ತದೆ. ಮತ್ತೆ ಮಸಿ ಹಚ್ಚದೆ ಅದೇ ಎಲೆಯನ್ನು ಇನ್ನೊಂದು ಕಾಗದದ ಮೇಲೆ ಒತ್ತಬೇಕು. ಆಗ ಹೊರಡುತ್ತದೆ ನೋಡಿ ಬಲೆಯೊಳಗಿನ ಬಲೆ! ದೊಡ್ಡ ನರಗಳ ನಡುವೆ ಸಣ್ಣವು, ಸಣ್ಣವುಗಳ ನಡುವೆ ಇನ್ನೂ ಸಣ್ಣವು, ಕಣ್ಣು ಹತ್ತಿರ ಒಯ್ದಷ್ಟೂ ಇನ್ನಷ್ಟು. ಮಸಿ ಕಡಿಮೆಯಾದಷ್ಟೂ ಎಲೆ ಹೆಚ್ಚು ಮಾತಾಡುತ್ತದೆ. ಒಂದು ಒತ್ತಿಗೇ ತೃಪ್ತರಾಗಿ ಎಲೆ ಎಸೆಯುವವರನ್ನು ಕಂಡರೆ ನನಗೆ ಕೈಹಿಡಿದು ನಿಲ್ಲಿಸಬೇಕೆನಿಸುತ್ತದೆ.

ಎಲ್ಲ ಎಲೆಯೂ ಇದಕ್ಕೆ ಒಗ್ಗುವುದಿಲ್ಲ. ದೊಡ್ಡಪತ್ರೆಯಂಥ ರಸಭರಿತ ಎಲೆ ಒತ್ತಿದರೆ ಅಪ್ಪಚ್ಚಿ. ಕಲಿಯುವವರಿಗೆ ಪೇರಲೆ ಎಲೆಗಿಂತ ಒಳ್ಳೆಯ ಗುರು ಇಲ್ಲ, ಅಡಿಯಲ್ಲಿ ಅದರ ನರಗಳು ಎದ್ದು ನಿಂತಿರುತ್ತವೆ, ಎಷ್ಟು ಸಲ ಒತ್ತಿದರೂ ಹರಿಯುವುದಿಲ್ಲ. ಅರಳಿಯ ಬಾಲ, ಮಂದಾರದ ಇಬ್ಭಾಗವಾದ ತುದಿ, ಬಿಲ್ವದ ಮೂರು ದಳ ಎಲ್ಲವೂ ಚೆನ್ನ. ಬಿದಿರಿನೆಲೆ ನೆಟ್ಟನೆಯ ಗೆರೆಗಳನ್ನಷ್ಟೇ ಕೊಡುತ್ತದೆ. ಅದರ ಪಕ್ಕದಲ್ಲಿ ಅರಳಿ ಒತ್ತಿ ಇಟ್ಟರೆ, ಒಂದು ಬೇಳೆಯ ಸಸ್ಯಕ್ಕೂ ಎರಡು ಬೇಳೆಯ ಸಸ್ಯಕ್ಕೂ ಇರುವ ವ್ಯತ್ಯಾಸ ಪಾಠವಿಲ್ಲದೆ ಅರ್ಥವಾಗುತ್ತದೆ.

ಅಂಗಳದ ಗುಲಾಬಿ ಗಿಡದ ಎಲೆಗಳನ್ನು ಒತ್ತುತ್ತಿದ್ದಾಗ ತಂಗಿಯ ಮಗಳು ಒಂದು ಹಾಳೆಯನ್ನು ಎತ್ತಿ ಹಿಡಿದು, "ದೊಡ್ಡಮ್ಮ, ಇದನ್ನು ಯಾರು ಕತ್ತರಿಸಿದ್ದು?" ಎಂದಳು. ಎಲೆಯ ಅಂಚಿನಲ್ಲಿ ಬಳೆ ಇಟ್ಟು ಗೆರೆ ಎಳೆದಷ್ಟು ನಯವಾದ ಅರ್ಧಚಂದ್ರಾಕಾರದ ತುಂಡು ಕಾಣೆಯಾಗಿತ್ತು. ಎಲೆ ಕತ್ತರಿಸುವ ದುಂಬಿಯ ಕೆಲಸ ಅದು. ಜೇನಿನ ಬಳಗದ್ದೇ ಆದ ಆ ಹೆಣ್ಣು ದುಂಬಿ ಎಲೆಯ ತುಂಡನ್ನು ಹೊತ್ತೊಯ್ದು, ಗೋಡೆಯ ತೂತಿನಲ್ಲೋ ಟೊಳ್ಳು ಕಡ್ಡಿಯಲ್ಲೋ ಸುರುಳಿ ಸುತ್ತಿ ಮರಿಗೆ ತೊಟ್ಟಿಲು ಮಾಡುತ್ತದೆ. ಗಿಡದಲ್ಲಿ ಆ ತೂತನ್ನು ಯಾರೂ ಗಮನಿಸಿರಲಿಲ್ಲ. ಗಮನಿಸಿದ್ದರೆ ಹುಳ ಹೊಡೆದಿದೆ ಎಂದು ಔಷಧಿ ಸಿಂಪಡಿಸುತ್ತಿದ್ದೆವೇನೋ. ಅಂದಿನಿಂದ ಅವಳು ನೆಟ್ಟಗಿರುವ ಎಲೆಗಳನ್ನು ಬಿಟ್ಟು ಹುಳ ತಿಂದ, ಹರಿದ, ಚುಕ್ಕಿ ಬಿದ್ದ ಎಲೆಗಳನ್ನೇ ಆರಿಸುತ್ತಾಳೆ. ಅವಳ ಆಯ್ಕೆ ಸರಿ ಎಂದೇ ನನ್ನ ಮತವೂ.

ಎಲೆಯಿಂದ ನೇರವಾಗಿ ಅಚ್ಚು ತೆಗೆಯುವ ಆಸೆ ದೊಡ್ಡದೊಡ್ಡವರಿಗೂ ಇತ್ತು. ಲಿಯೊನಾರ್ಡೊ ಡ ವಿಂಚಿಯ ಟಿಪ್ಪಣಿಗಳ ಬೃಹತ್ ಸಂಪುಟ ಕೋಡೆಕ್ಸ್ ಅಟ್ಲಾಂಟಿಕಸ್ ಮಿಲಾನಿನ ಅಂಬ್ರೋಸಿಯಾನ ಗ್ರಂಥಾಲಯದಲ್ಲಿದೆ. ಅದರ ಒಂದು ಹಾಳೆಯಲ್ಲಿ ಸೇಜ್ ಎಂಬ, ನಮ್ಮ ತುಳಸಿಯ ಕುಟುಂಬಕ್ಕೇ ಸೇರಿದ ಗಿಡದ ಎಲೆಯ ಒತ್ತು ಇದೆ, ಪಕ್ಕದಲ್ಲೇ ಮಾಡುವ ಕ್ರಮವೂ ಇದೆ. ಕಾಗದಕ್ಕೆ ದೀಪದ ಮಸಿ ಬಳಿದು, ಎಲೆಗೆ ಎಣ್ಣೆಯಲ್ಲಿ ಕಲಸಿದ ಬಿಳಿ ಬಣ್ಣ ಹಚ್ಚಿ ಒತ್ತುವುದು ಅವನು ಹೇಳಿದ ವಿಧಾನ. ಆ ಹಾಳೆಯಲ್ಲಿ ಮೂಡಿದ್ದು ಮಾತ್ರ ಅದರ ತಿರುವುಮುರುವು, ಅದನ್ನೂ ಅವನು ಅಲ್ಲೇ ಬರೆದಿಟ್ಟಿದ್ದಾನೆ. 1730ರ ದಶಕದಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಕಾಗದದ ಹಣ ಮುದ್ರಿಸುವಾಗ ಕಳ್ಳನೋಟಿನ ಕಾಟಕ್ಕೆ ಎಲೆಯನ್ನೇ ಮದ್ದು ಮಾಡಿದ. ಎಲೆಯ ಅಚ್ಚನ್ನು ಲೋಹದಲ್ಲಿ ಎರಕ ಹೊಯ್ದು ನೋಟಿನ ಬೆನ್ನಿಗೆ ಒತ್ತಿದರೆ, ಆ ನರಗಳ ಜಾಲವನ್ನು ಯಾವ ಕೆತ್ತನೆಗಾರನ ಉಳಿ ತಾನೇ ನಕಲು ಮಾಡೀತು?

ಆದರೆ ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಹತ್ತಿರದ ಹೆಸರು ಮಂಗಳೂರಿನದು. ಯುರೋಪಿನಲ್ಲಿ 1852-53ರ ಸುಮಾರಿಗೆ ವಿಯೆನ್ನಾದ ಸರಕಾರಿ ಮುದ್ರಣಾಲಯದ ಅಲೋಯಿಸ್ ಆವರ್ ಒಣಗಿಸಿದ ಸಸ್ಯವನ್ನು ಸೀಸದ ತಗಡಿಗೆ ಒತ್ತಿ, ಆ ಗುರುತಿನಿಂದ ಮುದ್ರಣದ ಅಚ್ಚು ಮಾಡುವ ಉಪಾಯಕ್ಕೆ ಹಕ್ಕು ಪಡೆದ. 1855ರಲ್ಲಿ ಲಂಡನ್ನಿನ ಹೆನ್ರಿ ಬ್ರಾಡ್‌ಬರಿ ಅದೇ ಬಗೆಯಲ್ಲಿ ಬ್ರಿಟನ್ನಿನ ಜರೀಗಿಡಗಳ ದೊಡ್ಡ ಪುಸ್ತಕ ಮುದ್ರಿಸಿದ. ಅದಕ್ಕೆ ಭಾರೀ ಯಂತ್ರ ಬೇಕು, ಲೋಹ ಬೇಕು, ಸಸ್ಯ ಚೆನ್ನಾಗಿ ಒಣಗಿರಬೇಕು. 1857ರಲ್ಲಿ ಮದರಾಸಿನ ಹೆನ್ರಿ ಸ್ಮಿತ್ ಇನ್ನೊಂದು ದಾರಿ ಹಿಡಿದು, ಯಾವ ಸಂಸ್ಕಾರವೂ ಇಲ್ಲದ ಗಿಡಗಳಿಂದಲೇ ಅಚ್ಚು ತೆಗೆದ ಮಾದರಿಗಳನ್ನು ಪ್ರಕಟಿಸಿದ. ಐದು ವರ್ಷ ಕಳೆದು, 1862ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಜೆ. ಹುಂಜಿಕರ್ ಅವರ ಪುಸ್ತಕ ಹೊರಬಂತು. ದಕ್ಷಿಣ ಭಾರತದ ಉಪಯುಕ್ತ ಸಸ್ಯಗಳನ್ನೂ ಅಂದದ ಸಸ್ಯಗಳನ್ನೂ ಹಸಿ ಗಿಡಗಳಿಂದಲೇ, ಅವುಗಳದೇ ಬಣ್ಣಗಳಲ್ಲಿ ಒತ್ತಿ ತೆಗೆದ ಹಾಳೆಗಳ ಪುಸ್ತಕ ಅದು. ಪ್ರಕೃತಿ ತನ್ನನ್ನು ತಾನೇ ಮುದ್ರಿಸಿಕೊಂಡದ್ದು ಎಂಬರ್ಥದ ಹೆಸರು ಅದಕ್ಕೆ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಟ ಊರಿನಲ್ಲಿ, ಮುಂದೆ ಕಿಟ್ಟೆಲ್ ನಿಘಂಟನ್ನು ಮುದ್ರಿಸಿದ ಅದೇ ಮುದ್ರಣಾಲಯದಲ್ಲಿ, ಯಾರೋ ಕೆಲಸಗಾರರು ಮಳೆ ನೀರು ಒರೆಸಿದ ಹಸಿ ಎಲೆಗೆ ಬಣ್ಣ ಹಚ್ಚಿ ಒತ್ತಿದ್ದರು ಎಂದು ನೆನೆದರೆ ನನಗೆ ರೋಮಾಂಚನವಾಗುತ್ತದೆ. ಅಕ್ಷರ ಮುದ್ರಣದ ಚರಿತ್ರೆ ಹೇಳುವಾಗ ನಾವು ಈ ಪುಸ್ತಕವನ್ನೂ ಜೊತೆಗೆ ಹೇಳಬೇಕು. ಶಾಲೆಗಳಲ್ಲಂತೂ ಹೇಳಲೇಬೇಕು.

ಒತ್ತಿದ ಹಾಳೆಗಳು ಬಿಡಿಬಿಡಿಯಾಗಿ ಕಳೆದುಹೋಗಬಾರದು. ಅವುಗಳನ್ನು ಕೂಡಿಡಲು ನನಗೆ ಹಿಡಿಸಿದ್ದು ನಮ್ಮ ಹಳೆಯ ಕಡತದ ರೂಪ. ಅಂಗಡಿಯವರು, ದೇವಸ್ಥಾನ ಮಠಗಳವರು ಲೆಕ್ಕಪತ್ರ ಬರೆಯುತ್ತಿದ್ದ ಕರಿಯ ಕಡತ ಕಾಗದದ್ದಲ್ಲ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಚುತ್ತ ಹೋದದ್ದು. ಬಳಪದಲ್ಲಿ ಬರೆದರೆ ಬೆಳ್ಳಗೆ ಕಾಣುತ್ತದೆ, ಬೇಡವಾದರೆ ಅಳಿಸಬಹುದು. ಇದನ್ನು ಮನೆಯಲ್ಲಿ ಮಾಡುವುದು ಸಂಭ್ರಮದ ಕೆಲಸ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಹಾಕಿ ರುಬ್ಬಿ, ನೀರು ಬೆರೆಸಿ ಕುದಿಸಿದರೆ ಮಂದವಾದ ಸರಿ ಬರುತ್ತದೆ. ಚಿತ್ರದುರ್ಗದ ಕಡೆಯ ಕಂಬಳಿ ನೇಯುವವರು ನೂಲಿಗೆ ಗಂಜಿ ಕೊಡುವುದೂ ಹುಣಸೆಬೀಜದ ಸರಿಯಿಂದಲೇ. ಈ ಸರಿಗೆ ಜರಡಿ ಹಿಡಿದ ಇದ್ದಿಲ ಪುಡಿ ಬೆರೆಸಿ ಹಳೆಯ ಪಂಚೆಯ ಪಟ್ಟಿಗೋ ದಪ್ಪ ಡ್ರಾಯಿಂಗ್ ಹಾಳೆಗೋ ಎರಡೂ ಮೈಗೆ ಬಳಿದು ನೆರಳಲ್ಲಿ ಒಣಗಿಸಬೇಕು. ಮಡಿಕೆಗಳು ಒಂದೇ ಅಳತೆಗೆ ಬರುವಂತೆ ಗೆರೆ ಹಾಕಿ ಮಡಚಿ, ಎರಡು ಕೊನೆಗೂ ರಟ್ಟು ಅಂಟಿಸಿದರೆ ಮುಗಿಯಿತು. ರಟ್ಟಿಗೆ ನಾನು ಹಳೆಯ ಲಗ್ನಪತ್ರಿಕೆ ಬಳಸುತ್ತೇನೆ. ಅಷ್ಟು ಗಟ್ಟಿ ಕಾಗದ ಮನೆಗೆ ತಾನಾಗಿ ಬಂದು ಬೀಳುವುದು ಇನ್ನಾವ ರೂಪದಲ್ಲಿ?

ಆ ಕರಿಯ ಮೈಮೇಲೆ ಬಿಳಿ ಬಣ್ಣ ತಟ್ಟಿದ ಎಲೆ ಒತ್ತಿ ನೋಡಬೇಕು. ಲಿಯೊನಾರ್ಡೊ ಬಯಸಿದ್ದು ಇದನ್ನೇ. ಎಲೆ ಕತ್ತಲೆಯಿಂದ ಎದ್ದು ಬರುತ್ತದೆ. ಮಲೆನಾಡಿನವರಾದರೆ ಬಿಳಿ ಬಣ್ಣವೂ ಬೇಡ. ಸರಿ ಇನ್ನೂ ತುಸು ಅಂಟಂಟಾಗಿರುವಾಗ ಆ ಜರಿಯನ್ನು ಅಡಿಮೈ ತಾಗಿಸಿ ಒತ್ತಿ ಎತ್ತಿದರೆ ಅದರ ಹುಡಿ ಅಲ್ಲೇ ಹಿಡಿದುಕೊಳ್ಳುತ್ತದೆ.

ಅಂಟಿನ ವಿಷಯಕ್ಕೆ ಬಂದರೆ, ಮೈದಾ ಸರಿಗಿಂತ ಹೆಚ್ಚಿನದು ಮನೆಕೆಲಸಕ್ಕೆ ಬೇಕಿಲ್ಲ. ಪುಸ್ತಕ ಕಟ್ಟುವವರು ಹುಳ ಹಿಡಿಯದಿರಲಿ ಎಂದು ಅದಕ್ಕೆ ಮೈಲುತುತ್ತ ಸೇರಿಸುತ್ತಿದ್ದರು. ಅದು ವಿಷ, ಮಕ್ಕಳಿರುವ ಮನೆಗೆ ತರಲೇಬಾರದು. ಬೇಕಾದಷ್ಟೇ ಕುದಿಸಿ ಅಂದಂದೇ ಮುಗಿಸಿದರಾಯಿತು.

ಬಣ್ಣಗಳೂ ಹಿತ್ತಲಲ್ಲೇ ಇವೆ. ಬಸಳೆಯ ಹಣ್ಣು ಹಿಚುಕಿದರೆ ಕೈಯೆಲ್ಲ ಕಡುಗೆಂಪು, ಲೇಖನಿ ಅದ್ದಿ ಬರೆಯಲು ಅದರಷ್ಟು ಸುಲಭದ ಶಾಯಿ ಇಲ್ಲ. ಬಿಸಿಲಿಗೆ ಬೇಗ ಮಾಸುತ್ತದೆ, ಹಾಗಾಗಿ ಪುಸ್ತಕದೊಳಗೇ ಇರಲಿ. ತೇಗದ ಚಿಗುರು ಇನ್ನೂ ಚೆನ್ನ. ಹಸಿರೆಲೆ ಅಂಗೈಯಲ್ಲಿಟ್ಟು ತಿಕ್ಕಿದರೆ ಕೈ ಕೆಂಪಾಗುತ್ತದೆ ಎಂದರೆ ಪೇಟೆಯ ಮಕ್ಕಳು ನಂಬುವುದೇ ಇಲ್ಲ. ಆ ಚಿಗುರನ್ನು ಎರಡು ಕಾಗದಗಳ ನಡುವೆ ಇಟ್ಟು ಕುಟ್ಟಾಣಿಯ ಕಲ್ಲಿನಿಂದ ಅಂಚಿನಗುಂಟ ಮೆಲ್ಲಗೆ ಜಜ್ಜಿದರೆ, ಬಿಡಿಸಿದಾಗ ಎರಡೂ ಕಡೆ ಕೆಂಗಂದು ಎಲೆ. ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿದ ಕಾಗದದ ಮೇಲೆ ಸುಣ್ಣದ ತಿಳಿಯಿಂದ ಬರೆದರೆ ಅಕ್ಷರ ಕೆಂಪಾಗಿ ಏಳುತ್ತದೆ, ಹುಣಸೆಹುಳಿ ತಾಗಿಸಿದರೆ ಮತ್ತೆ ಹಳದಿಯೊಳಗೆ ಮುಳುಗುತ್ತದೆ. ಓಕುಳಿ ನೀರಿನ ಗುಟ್ಟೇ ಇದು. ಶಂಖಪುಷ್ಪದ ನೀಲಿಗೆ ನಿಂಬೆ ಹಿಂಡಿದರೆ ನೇರಳೆ. ಅಡುಗೆಮನೆಯಲ್ಲಿ ಬೆಂಡೆಕಾಯಿ ಹೆಚ್ಚುವಾಗ ತೊಟ್ಟಿನ ತುಂಡುಗಳನ್ನು ಎತ್ತಿಟ್ಟರೆ ಐದೆಸಳಿನ ಹೂವಿನ ಅಚ್ಚುಗಳು ಸಿಗುತ್ತವೆ. ಬಾಳೆಲೆಯ ದಂಟನ್ನು ಅಡ್ಡಕ್ಕೆ ಕೊಯ್ದು ಒತ್ತಿದರೆ ಅರ್ಧಚಂದ್ರದೊಳಗೆ ಗಾಳಿಯ ಕೋಣೆಗಳು ಸಾಲಾಗಿ ಕಾಣುತ್ತವೆ, ಅಷ್ಟು ದೊಡ್ಡ ಎಲೆಯನ್ನು ಅಷ್ಟು ಹಗುರವಾದ ದಂಟು ಹೊತ್ತು ನಿಲ್ಲುವ ಬಗೆ ತಿಳಿಯುತ್ತದೆ.

ಈಗ ಅಂಗಡಿಗಳಲ್ಲಿ ಮಕ್ಕಳ ಕರಕುಶಲದ ಪೆಟ್ಟಿಗೆಗಳು ಬಂದಿವೆ. ಅವುಗಳಲ್ಲಿ ರಬ್ಬರಿನ ಎಲೆ, ಸ್ಪಂಜಿನ ಹೂವು, ಜೊತೆಗೆ ನಾಲ್ಕು ಬಣ್ಣ. ಒತ್ತಿದಷ್ಟು ಸಲವೂ ಅದೇ ಎಲೆ, ಅದೇ ಜಾಗಕ್ಕೆ ಅದೇ ಗೆರೆ. ಯಾವ ಮರದ್ದು ಎಂದು ಕೇಳಿದರೆ ಉತ್ತರವಿಲ್ಲ, ಏಕೆಂದರೆ ಅದು ಯಾವ ಮರದ್ದೂ ಅಲ್ಲ. ಮಕ್ಕಳ ಕೈಗೆ ಅಂಥದನ್ನು ಕೊಡುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಬೀದಿಯ ಹೊಂಗೆ ಮರ ಹಣ ಕೇಳುವುದಿಲ್ಲ. ಒಂದೇ ಕೊಂಬೆಯ ಎರಡು ಎಲೆ ಒಂದೇ ಥರ ಇರುವುದಿಲ್ಲ. ಒತ್ತಿದ ಹಾಳೆಯ ಅಡಿಯಲ್ಲಿ ಮರದ ಹೆಸರು, ನಿಂತ ಜಾಗ, ತಿಂಗಳು ಬರೆದಿಡುವ ಅಭ್ಯಾಸ ಮಾಡಿಸಿದರೆ ಮಗು ತನ್ನ ಬೀದಿಯ ಮರಗಳ ಲೆಕ್ಕ ಇಡತೊಡಗುತ್ತದೆ. ರಸ್ತೆ ಅಗಲ ಮಾಡುವವರು ಬಂದಾಗ ಆ ಲೆಕ್ಕಕ್ಕೆ ಬೆಲೆ ಬಂದೀತು.

ನಮ್ಮ ಮನೆಯಲ್ಲಿ ಸದ್ಯದ ಸವಾಲು ಕೆಸುವಿನ ಎಲೆ. ನೀರು ಬೆರೆತ ಯಾವ ಬಣ್ಣ ಹಚ್ಚಿದರೂ ಮುತ್ತಾಗಿ ಉರುಳಿ ಬೀಳುತ್ತದೆ, ಎಲೆ ಒದ್ದೆಯೂ ಆಗುವುದಿಲ್ಲ. ಪತ್ರೊಡೆಗೆಂದು ತಂದ ಕಟ್ಟಿನಿಂದ ಒಂದೆಲೆ ಕದ್ದು ತಂಗಿಯ ಮಗಳು ಪೋಸ್ಟರ್ ಬಣ್ಣದೊಡನೆ ಮಧ್ಯಾಹ್ನವಿಡೀ ಹೋರಾಡಿದಳು. "ನೀರಿನ ಮಾತು ಅದು ಕೇಳುವುದಿಲ್ಲ ಮಗಾ, ಎಣ್ಣೆಯ ಮಸಿ ತಾ" ಎಂದೆ. ಎಣ್ಣೆಗೆ ಅದು ಒಲಿಯುತ್ತದೆ. ಉಂಡೆಯಲ್ಲಿ ತಟ್ಟಿದ ಮಸಿ ಉರುಳದೆ ನಿಂತಿತು. ಆದರೆ ಆ ಎಲೆಗೆ ಸಾಲುವ ಕಾಗದ ಮನೆಯಲ್ಲಿರಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಜೋಡಿಸಿ ಅಂಟಿಸಲು ಅವಳು ಮೈದಾ ಹುಡುಕುತ್ತಿದ್ದಾಳೆ. ನಾನು ಒಲೆ ಹಚ್ಚಬೇಕು.